ಯೋಗದ ಮೇಷ್ಟ್ರ ಬೆನ್ನು

ಯಾದವಗಿರಿಯ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಯೋಗ ಹೇಳಿಕೊಡುವ ದೊರೆಸ್ವಾಮಿ ಮೇಷ್ಟ್ರಿಗೆ ಈ ಲೋಕದಲ್ಲಿ ತಾತ್ಸಾರ ಬಾರದ ವಸ್ತು ಒಂದೇ ಒಂದು, ಅದು ಅವರ ಸ್ವಂತ ಬೆನ್ನು. ಮಿಕ್ಕಿದ್ದೆಲ್ಲ ಅವರ ಲೆಕ್ಕದಲ್ಲಿ ಕಸ. ಕೈ ಬೀಸಿಕೊಂಡು ಪಾರ್ಕು ಸುತ್ತುವವರು ಗಾಣದ ಎತ್ತುಗಳು. ಜಿಮ್ಮಿಗೆ ಹೋಗುವ ಹುಡುಗರು ಮಾಂಸದ ಮೂಟೆಗಳು. ಗೋಕುಲಂನಲ್ಲಿ ಚಾಪೆ ಹೆಗಲಿಗೇರಿಸಿಕೊಂಡು ಓಡಾಡುವ ಪರದೇಶದವರು ದುಡ್ಡು ಕೊಟ್ಟು ಬೆವರು ಕೊಳ್ಳುವ ಪೆದ್ದರು. ಇವರೆಲ್ಲರಿಗಿಂತ ಕೀಳೆಂದರೆ ಫಿಸಿಯೋಥೆರಪಿಯವರು. ರಬ್ಬರ್ ಪಟ್ಟಿ ಎಳೆಸಿ, ಬೆನ್ನಿಗೆ ಕರೆಂಟಿನ ವೈರು ಅಂಟಿಸಿ, ನಮ್ಮ ಋಷಿಗಳು ಪುಕ್ಕಟೆ ಕೊಟ್ಟದ್ದನ್ನು ಇಂಗ್ಲಿಷಿನಲ್ಲಿ ಮಾರುವವರು ಎಂದು ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಮೇಷ್ಟ್ರಿಗೆ ತಿಂದ ಉಪ್ಪಿಟ್ಟು ಅರಗುತ್ತಿರಲಿಲ್ಲ.

ಮೇಷ್ಟ್ರು ಎಂದು ಕರೆಸಿಕೊಂಡರೂ ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ಸೂಪರಿಂಟೆಂಡೆಂಟ್ ಆಗಿ, ಅಲ್ಲೇ ಹಾರ ಹಾಕಿಸಿಕೊಂಡು ಮನೆಗೆ ಬಂದವರು. ಅವರ ತಾತ ಅರಮನೆಯ ಸೇವೆಯಲ್ಲಿದ್ದದ್ದು ನಿಜ. ಉಗ್ರಾಣದ ಅಕ್ಕಿ ಬೇಳೆಗೆ ಲೆಕ್ಕ ಬರೆಯುತ್ತಿದ್ದರು. ಪಾರ್ಕಿನ ಕಟ್ಟೆಯ ಮೇಲೆ ಮೊಮ್ಮಗ ಹೇಳುತ್ತ ಹೇಳುತ್ತ ಆ ತಾತ ಮೊದಲು ಅರಮನೆಯ ಮಕ್ಕಳಿಗೆ ಸೂರ್ಯನಮಸ್ಕಾರ ಕಲಿಸಿದರು, ಆಮೇಲೆ ಗಂಟೆಗಟ್ಟಲೆ ಶೀರ್ಷಾಸನದಲ್ಲಿ ನಿಂತರು. ಇನ್ನು ನಾಲ್ಕು ವರ್ಷ ಬಿಟ್ಟರೆ ನೆಲ ಬಿಟ್ಟು ಮೇಲೇಳುತ್ತಿದ್ದರೋ ಏನೋ.

ಹಾಗಂತ ಮೇಷ್ಟ್ರು ಬರೀ ಸುಳ್ಳರೆಂದರೆ ತಪ್ಪಾದೀತು. ಕಚೇರಿಯಲ್ಲಿದ್ದಷ್ಟು ಕಾಲ ಅವರ ಮಾತಿಗೆ ಜವಾನ ಕೂಡ ಎದ್ದು ನಿಲ್ಲಲಿಲ್ಲ. ಮನೆಯಲ್ಲಿ ಹೆಂಡತಿ ಶಾರದ ಅವರ ಮಾತನ್ನು ಕುಕ್ಕರಿನ ಸೀಟಿಯಷ್ಟೂ ಲಕ್ಷಿಸುತ್ತಿರಲಿಲ್ಲ. ಈ ಕಟ್ಟೆಯ ಮೇಲೆ ಮಾತ್ರ ಅವರು ಕೈ ಎತ್ತಿ ಎಂದರೆ ಇಪ್ಪತ್ತು ಜನ ಕೈ ಎತ್ತುತ್ತಿದ್ದರು, ಉಸಿರು ಬಿಡಿ ಎಂದರೆ ಬಿಡುತ್ತಿದ್ದರು. ಮನುಷ್ಯನಿಗೆ ದಿನದಲ್ಲಿ ಒಂದು ಗಂಟೆಯಾದರೂ ದೊಡ್ಡವನಾಗಿರಬೇಕೆಂಬ ಆಸೆ ಇದ್ದರೆ ಅದರಲ್ಲಿ ಪಾಪವೇನಿಲ್ಲ. ಆ ದೊಡ್ಡತನಕ್ಕೆ ಇನ್ನೊಬ್ಬರ ಬೆನ್ನೇ ಬೇಕಾಯಿತಲ್ಲ, ಅಲ್ಲಿ ಕೆಟ್ಟಿತು.

ಮೇಷ್ಟ್ರ ಹೆಸರು ಹಬ್ಬಿದ್ದು ಒತ್ತುವುದರಿಂದ. ಕಾಲು ನೀಡಿ ಕೂತು, ಮುಂದಕ್ಕೆ ಬಗ್ಗಿ, ಕಾಲಿನ ಹೆಬ್ಬೆರಳು ಹಿಡಿದು, ಹಣೆಯನ್ನು ಮಂಡಿಗೆ ತಾಗಿಸುವ ಆಸನವೊಂದಿದೆಯಲ್ಲ, ಅದನ್ನು ಮಾಡಿಸುವಾಗ ಯಾರ ಹಣೆ ಮಂಡಿಗೆ ತಾಗುವುದಿಲ್ಲವೋ ಅವರ ಹಿಂದೆ ಮೇಷ್ಟ್ರು ಬಂದು ನಿಲ್ಲುವರು. ಮೊದಲು ಎರಡು ಅಂಗೈ, ಸಾಲದಿದ್ದರೆ ಒಂದು ಮಂಡಿ, ಅದರ ಮೇಲೆ ಮೈಭಾರ. ಬಗ್ಗಿದವರು ಅಮ್ಮಾ ಎಂದರೆ, ನೋಡಿ ಗಂಟು ಬಿಚ್ಚಿತು ಎನ್ನುವರು. ಅದಕ್ಕೆ ಗುರುಸ್ಪರ್ಶ ಎಂಬ ಹೆಸರು ಬೇರೆ. ಜನ ಎಂಥವರು ನೋಡಿ, ಒತ್ತಿಸಿಕೊಂಡವರು ಮನೆಗೆ ಹೋಗುವಾಗ ಸೊಂಟ ಹಿಡಿದುಕೊಂಡೇ, ಇವತ್ತು ನನಗೆ ಗುರುಸ್ಪರ್ಶ ಆಯಿತು ಎಂದು ಒತ್ತಿಸಿಕೊಳ್ಳದವರ ಹೊಟ್ಟೆ ಉರಿಸುತ್ತಿದ್ದರು.

ಒಂಟಿಕೊಪ್ಪಲಿನ ಪದ್ಮಾವತಿ ಮಾತ್ರ ಹಾಗೆ ಹೇಳಿಕೊಳ್ಳಲಿಲ್ಲ. ಆಕೆ ಬ್ಲೌಸ್ ಹೊಲಿಯುವವಳು. ದಿನವಿಡೀ ಮಿಷನ್ನಿನ ಮುಂದೆ ಬಗ್ಗಿ ಕೂತು ಬೆನ್ನು ಮರಗಟ್ಟಿತ್ತೆಂದು ಯೋಗಕ್ಕೆ ಸೇರಿದ್ದಳು. ಬಗ್ಗಿದರೆ ಕಾಲೊಳಗೆ ಜುಮ್ಮೆನ್ನುತ್ತದೆ, ಒತ್ತಬೇಡಿ ಎಂದು ಮೊದಲೇ ಹೇಳಿದಳು. ಬೇಡ ಎಂದವರನ್ನು ಒತ್ತುವುದರಲ್ಲಿ ಮೇಷ್ಟ್ರಿಗೆ ಒಂದು ಕೈ ಹೆಚ್ಚೇ ಉತ್ಸಾಹ. ಮಂಡಿ ಇಟ್ಟು ಒತ್ತಿದರು. ಅವತ್ತು ಕುಂಟುತ್ತ ಹೋದವಳು ಮತ್ತೆ ಬರಲಿಲ್ಲ. ಸೋಮಾರಿಗಳ ಮೈಗೆ ಯೋಗ ಒಗ್ಗುವುದಿಲ್ಲ ಎಂದು ಮೇಷ್ಟ್ರು ತರಗತಿಗೆಲ್ಲ ಕೇಳಿಸುವಂತೆ ಹೇಳಿದರು, ತರಗತಿ ತಲೆದೂಗಿತು.

ಇಂಥವರ ಬೆನ್ನು ಹಿಡಿದುಕೊಂಡದ್ದು ಯಾವ ಮಹಾ ಆಸನದಲ್ಲೂ ಅಲ್ಲ, ಬಚ್ಚಲುಮನೆಯಲ್ಲಿ. ಯುಗಾದಿ ಕಳೆದ ಮೇಲೆ ಒಂದು ದಿನ ಬಿಸಿನೀರಿನ ಬಕೆಟ್ಟನ್ನು ಮಂಡಿ ಬಗ್ಗಿಸದೆ, ಸೊಂಟದಿಂದ ಬಾಗಿ, ಹಾಗೇ ಪಕ್ಕಕ್ಕೆ ತಿರುಗಿ ಎತ್ತಿದರು. ಸೊಂಟದಲ್ಲಿ ಏನೋ ಕಳಕ್ ಎಂದಿತು. ಶಾರದ ಬಂದು ನೋಡುವಾಗ ಮೇಷ್ಟ್ರು ನಲ್ಲಿಯನ್ನು ಎರಡು ಕೈಯಲ್ಲೂ ಅಪ್ಪಿಕೊಂಡು, ಮೇಲೇಳಲೂ ಆಗದೆ ಕೂರಲೂ ಆಗದೆ, ನೆಲ ಜಾರುತ್ತಿದೆ ಎಂದು ಬಚ್ಚಲನ್ನು ಬೈಯುತ್ತಿದ್ದರು. ನೆಲ ಒಣಗಿತ್ತು.

ಬೇರೆಯವರಾದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಯೋಗದ ಮೇಷ್ಟ್ರಿಗೆ ಬೆನ್ನುನೋವೆಂದರೆ ಊರೇನಂದೀತು? ಕಟ್ಟೆ ಹೋಗುತ್ತದೆ, ಗುರುಸ್ಪರ್ಶ ಹೋಗುತ್ತದೆ, ಉಳಿಯುವುದು ಕುಕ್ಕರಿನ ಸೀಟಿ. ಆದ್ದರಿಂದ ಮೇಷ್ಟ್ರು ತೈಲ ಹಚ್ಚಿಸಿಕೊಂಡರು, ಬಿಸಿನೀರಿನ ಚೀಲದ ಮೇಲೆ ಮಲಗಿದರು, ಜುಬ್ಬದೊಳಗೆ ಬೆಲ್ಟು ಬಿಗಿದುಕೊಂಡು ಪಾರ್ಕಿಗೆ ಹೋದರು. ಕೂರಲಾಗದೆ ಕಟ್ಟೆಯ ಹೊಂಗೆ ಮರಕ್ಕೆ ಒರಗಿ ನಿಂತು, ಇನ್ನು ಮುಂದೆ ನಾನು ಮಾಡಿ ತೋರಿಸುವುದಿಲ್ಲ, ನೋಡಿ ಕಲಿಯುವುದು ಮೊದಲ ಮೆಟ್ಟಿಲು, ಕೇಳಿ ಕಲಿಯುವುದು ಎರಡನೆಯದು, ನೀವು ಎರಡನೆಯದಕ್ಕೆ ಬಂದಿದ್ದೀರಿ ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ತರಗತಿಯವರಿಗಂತೂ ಮೈ ಜುಮ್ಮೆಂದಿತು. ಮೇಷ್ಟ್ರು ಮೇಲಿನ ಸ್ಥಿತಿಗೆ ಹೋಗಿಬಿಟ್ಟರು ಎಂದು ನಂಜುಂಡಯ್ಯ ಎಂಬ ನಿವೃತ್ತ ಲೆಕ್ಚರರು ವಾಟ್ಸಾಪಿನಲ್ಲಿ ಬರೆದರು. ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು.

ಒತ್ತುವುದಕ್ಕೇನು ಮಾಡುವುದು? ಅದಿಲ್ಲದಿದ್ದರೆ ತರಗತಿಗೆ ಒಗ್ಗರಣೆಯಿಲ್ಲದ ಸಾರಿನ ರುಚಿ. ಮೇಷ್ಟ್ರು ನಾಗೇಂದ್ರನನ್ನು ಕರೆದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈರು ಕಳಚಿ ಹಾಕಿದ ಕೈ ಅವನದು. ಮೇಷ್ಟ್ರ ಮೇಲೆ ಅವನಿಗೆ ನಾಯಿಯ ನಿಷ್ಠೆ. ಇನ್ನು ಮೇಲೆ ನನ್ನ ಪರವಾಗಿ ನೀನು ಒತ್ತಬೇಕು ಎಂದಾಗ ನಾಗೇಂದ್ರನ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನದಿಂದ ತರಗತಿಯಲ್ಲಿ ಅಮ್ಮಾ ಎಂಬ ಸದ್ದು ಮೊದಲಿಗಿಂತ ಜೋರಾಯಿತು. ಮೇಷ್ಟ್ರು ಮರಕ್ಕೊರಗಿಕೊಂಡೇ ಗಂಟು ಬಿಚ್ಚಿತು ಎನ್ನುತ್ತಿದ್ದರು.

ನೋವು ಮಾತ್ರ ಮೆಟ್ಟಿಲು ಹತ್ತಲಿಲ್ಲ, ಇಳಿಯಿತು. ಸೊಂಟದಿಂದ ಕುಂಡೆಗೆ, ಕುಂಡೆಯಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ. ಚಡ್ಡಿಗೆ ಕಾಲು ತೂರಿಸಲೂ ಮೇಷ್ಟ್ರಿಗೆ ಹೆಂಡತಿಯೇ ಬೇಕಾಯಿತು. ಕೆಲವು ದಿನ ತಡೆದುಕೊಂಡ ಶಾರದ ಒಂದು ಬೆಳಿಗ್ಗೆ ಮಂಚದ ಪಕ್ಕ ಚಡ್ಡಿ ಹಿಡಿದು ನಿಂತು ಹೇಳಿದರು:

"ಊರೋರ ಬೆನ್ನೆಲ್ಲ ಬಗ್ಗಿಸೋರಿಗೆ ಚಡ್ಡಿ ಹಾಕೋಕೆ ನಾನು ಬೇಕು. ಇವತ್ತು ಡಾಕ್ಟ್ರ ಹತ್ರ ಹೋಗ್ಲಿಲ್ಲ ಅಂದ್ರೆ, ನಾಳೆ ಪಾರ್ಕಿಗೆ ಬಂದು ಅಲ್ಲೇ ಹಾಕ್ತೀನಿ ಕಣ್ರೀ."

ಮೇಷ್ಟ್ರು ಹೋದರು. ಮೂಳೆ ಡಾಕ್ಟರು ಚಿತ್ರ ತೆಗೆಸಿ ನೋಡಿ, ಆಪರೇಷನ್ ಏನೂ ಬೇಡ, ಫಿಸಿಯೋಥೆರಪಿಗೆ ಹೋಗಿ ಎಂದರು. ಇದಕ್ಕಿಂತ ಕುಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ. ಯಾದವಗಿರಿಯ ಸುತ್ತಮುತ್ತ ಇದ್ದ ಕ್ಲಿನಿಕ್ಕುಗಳನ್ನೆಲ್ಲ ಬಿಟ್ಟು, ಊರಿನ ಇನ್ನೊಂದು ತುದಿ, ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಒಂದನ್ನು ಹುಡುಕಿಕೊಂಡರು. ಅಲ್ಲಿ ಗುರುತಿನ ಪಿಳ್ಳೆಯೂ ಸಿಗಲಾರದೆಂಬ ಧೈರ್ಯ. ದಾರಿಯುದ್ದಕ್ಕೂ ಆಟೋ ಒಂದೊಂದು ಹಂಪು ಹಾರಿದಾಗಲೂ ಮೇಷ್ಟ್ರು ನಗರಪಾಲಿಕೆಯನ್ನು ಬೈದರು.

ಕ್ಲಿನಿಕ್ಕಿನ ಯಶೋಧಾ ಅವರ ಮಗಳ ವಯಸ್ಸಿನವಳು. ಮಾತು ಕಮ್ಮಿ. ಕೂತುಕೊಳ್ಳಿ ಎನ್ನುವ ಮೊದಲೇ ಅವರು ನಡೆದು ಬಂದ ರೀತಿಯನ್ನು ನೋಡಿಕೊಂಡಳು. ಮೂತ್ರ ಸರಿಯಾಗಿ ಹೋಗುತ್ತದೆಯೇ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತದೆಯೇ, ಹೆಬ್ಬೆರಳು ಮೇಲೆತ್ತಲು ಶಕ್ತಿ ಇದೆಯೇ ಎಂದು ಕೇಳಿದಳು, ಮುಟ್ಟಿ ನೋಡಿದಳು. ಅವು ಕೆಟ್ಟಿದ್ದರೆ ಇಲ್ಲಿ ನಿಲ್ಲಿಸಿಕೊಳ್ಳದೆ ನೇರ ಆಸ್ಪತ್ರೆಗೆ ಕಳಿಸುತ್ತಿದ್ದೆ ಎಂದಳು. ದಿನಾ ವ್ಯಾಯಾಮ ಏನಾದರೂ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ನಮ್ಮ ಯೋಗಾಚಾರ್ಯರು ಗೋಡೆಯ ಕಡೆ ನೋಡುತ್ತ, ವಾಕಿಂಗು ಎಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆಮೇಲೆ ಅವಳು ಮೇಷ್ಟ್ರನ್ನು ಎದ್ದು ನಿಲ್ಲಿಸಿ ಸ್ವಲ್ಪ ಮುಂದಕ್ಕೆ ಬಗ್ಗಿಸಿದಳು. ನೋವು ಸರ್ರನೆ ಕಾಲಿಗಿಳಿಯಿತು. ನಿಧಾನವಾಗಿ ಹಿಂದಕ್ಕೆ ಬಾಗಿಸಿದಳು, ಮತ್ತೆ ಮತ್ತೆ. ಮೀನಖಂಡದ ನೋವು ತೊಡೆಗೆ ಬಂತು, ತೊಡೆಯದು ಸೊಂಟಕ್ಕೆ ಬಂದು ನಿಂತಿತು. ಹೀಗೆ ಕಾಲಿಂದ ಮೇಲಕ್ಕೆ ಬರುವುದು ಒಳ್ಳೆಯ ಲಕ್ಷಣ, ನಿಮ್ಮ ಬೆನ್ನಿಗೆ ಸದ್ಯಕ್ಕೆ ಮುಂದೆ ಬಗ್ಗುವುದೇ ಶತ್ರು ಎಂದಳು. ಬೋರಲು ಮಲಗಿಸಿ, ಮೊಣಕೈ ಊರಿಸಿ ಎದೆ ಎತ್ತಿಸಿದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಇದು ಭುಜಂಗಾಸನದ ಅರ್ಧವಲ್ಲವೇ ಎಂದು ಮೂದಲಿಸಿದರು. ಅರ್ಧ ಸಾಕು ಎಂದಳು ಯಶೋಧಾ. ಬೆಲ್ಟು ಬಿಚ್ಚಿಸಿದಳು, ಅದರ ಮೇಲೇ ನೆಚ್ಚಿಕೊಂಡರೆ ಬೆನ್ನು ಕೆಲಸ ಮರೆಯುತ್ತದೆ ಎಂದಳು. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ ಕಾಲು ಇಳಿಬಿಟ್ಟು ಏಳಬೇಕು, ಒಂದೇ ಕಡೆ ಹೊತ್ತುಗಟ್ಟಲೆ ಕೂರಬಾರದು, ಮಲಗಿಯೇ ಇರಲೂಬಾರದು, ನಡೆಯಬೇಕು. ಗಾಣದ ಎತ್ತಿನ ಹಾಗೆ ಎಂದು ಅವಳು ಹೇಳಲಿಲ್ಲ, ಮೇಷ್ಟ್ರಿಗೆ ಕೇಳಿಸಿತು.

ಕೊನೆಗೆ ಖಾಲಿ ಬಕೆಟ್ಟೊಂದನ್ನು ತಂದಿಟ್ಟು ಎತ್ತಿ ತೋರಿಸಿ ಎಂದಾಗ ಮೇಷ್ಟ್ರ ಮುಖ ಕೆಂಪಾಯಿತು. ಈ ವಯಸ್ಸಿನಲ್ಲಿ, ಈ ಮನೆತನದಲ್ಲಿ ಹುಟ್ಟಿ, ಬಕೆಟ್ ಎತ್ತುವ ಪಾಠ! ಕುಂಡೆಯನ್ನು ಹಿಂದಕ್ಕೆ ತಳ್ಳಿ, ಮಂಡಿ ಮಡಿಸಿ, ಬಕೆಟ್ಟನ್ನು ಮೈಗೆ ಹತ್ತಿರ ಹಿಡಿದು, ತಿರುಗಬೇಕಾದರೆ ಸೊಂಟ ತಿರುಚದೆ ಕಾಲು ತಿರುಗಿಸಿ ಎಂದು ಅವಳು ಹೇಳಿಕೊಟ್ಟಳು. ಕಲಿತರು, ಬೇರೆ ದಾರಿಯಿರಲಿಲ್ಲ. ವಾರ ಎರಡು ವಾರ ಕಳೆಯುವಷ್ಟರಲ್ಲಿ ಮೀನಖಂಡದ ನೋವು ಬಿಟ್ಟಿತು, ಚಡ್ಡಿ ಸ್ವಂತವಾಗಿ ಹಾಕಿಕೊಂಡರು. ಗುಣವಾಗುತ್ತಿದೆ ಎಂಬ ಸಂತೋಷಕ್ಕಿಂತ, ಗುಣವಾಗುತ್ತಿರುವುದು ಇವಳಿಂದಲ್ಲ ಎಂದು ಸಾಧಿಸಲಾಗದ ಸಿಟ್ಟೇ ಅವರಿಗೆ ದೊಡ್ಡದಾಗಿತ್ತು. ಇಷ್ಟಾದರೂ ಪಾರ್ಕಿನಲ್ಲಿ ಮರಕ್ಕೊರಗುವುದು ನಿಲ್ಲಲಿಲ್ಲ, ನಾಗೇಂದ್ರ ಒತ್ತುವುದೂ ನಿಲ್ಲಲಿಲ್ಲ. ಮುಂದೆ ಬಗ್ಗುವುದು ಕೆಟ್ಟ ಬೆನ್ನಿಗೆ ಏನು ಮಾಡುತ್ತದೆಂದು ತಮ್ಮ ಕಾಲಿನಲ್ಲೇ ಅರಿತ ಮೇಲೂ, ಮನುಷ್ಯ ಬಾಯಿ ಬಿಡಲಿಲ್ಲ. ನನಗೆ ಅವರ ಮೇಲೆ ಕನಿಕರ ಹುಟ್ಟದಿರುವುದಕ್ಕೆ ಇದೇ ಕಾರಣ.

ಒಂದು ಸಂಜೆ ಅವರು ಕ್ಲಿನಿಕ್ಕಿನ ಮಂಚದ ಮೇಲೆ ಬೋರಲಾಗಿ ಮೊಣಕೈ ಊರಿಕೊಂಡಿದ್ದಾಗ, ನಡುವಿನ ಪರದೆಯಾಚೆ ಹೆಂಗಸೊಬ್ಬಳ ದನಿ ಕೇಳಿಸಿತು. ಹೇಗಿದೆ ಅಕ್ಕ ಎಂದು ಯಶೋಧಾ ವಿಚಾರಿಸುತ್ತಿದ್ದಳು. ಈಗ ಮಿಷನ್ನಿನ ಮುಂದೆ ಕೂರಬಲ್ಲೆ, ನಡುನಡುವೆ ಎದ್ದು ಓಡಾಡುತ್ತೇನೆ, ಮೊದಲ ತಿಂಗಳು ಮಾತ್ರ ನರಕ ಎಂದಿತು ಆ ದನಿ. ಕ್ಲಿನಿಕ್ಕಿಗೆ ಕೆಲಸ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಇದೆಲ್ಲ ಹೇಗೆ ಶುರುವಾಯಿತೆಂದು ಕೇಳಿದಳು.

"ಪಾರ್ಕಲ್ಲಿ ಯೋಗದ ಮೇಷ್ಟ್ರು ಬೆನ್ನಿಗೆ ಮಂಡಿ ಇಟ್ಟು ಒತ್ಬುಟ್ರು ಕಣಮ್ಮ. ಬ್ಯಾಡಿ ಬ್ಯಾಡಿ ಅಂದೆ. ನೀನು ಸೋಮಾರಿ ಅಂದ್ರು."

ಯೋಗದಿಂದ ಎಷ್ಟೋ ಬೆನ್ನು ಸರಿಹೋಗಿದೆ, ಅದರ ತಪ್ಪಲ್ಲ ಇದು ಎಂದಳು ಯಶೋಧಾ. ನೋಯುತ್ತದೆ ಎಂದವರ ಮಾತು ಕೇಳದೆ ಮೇಲೆ ಹತ್ತಿ ಕೂರುವವರಿಗೆ ಗುರು ಅನ್ನುತ್ತಾರೋ ಗೂಂಡಾ ಅನ್ನುತ್ತಾರೋ ಗೊತ್ತಿಲ್ಲ ಎಂದೂ ಸೇರಿಸಿದಳು. ಮೇಷ್ಟ್ರು ಮಂಚದ ದಿಂಬಿಗೆ ಮುಖ ಒತ್ತಿಕೊಂಡರು. ದಡಕ್ಕನೆ ಎದ್ದು ಓಡೋಣವೆಂದರೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ನಿಧಾನವಾಗಿ ತಾನೇ ಏಳಬೇಕು. ಅಷ್ಟರಲ್ಲಿ ಪರದೆ ಸರಿಯಿತು. ಪದ್ಮಾವತಿ. ಯಶೋಧಾ ಅವಳ ಚಿಕ್ಕಪ್ಪನ ಮಗಳೆಂಬುದು ಮೇಷ್ಟ್ರಿಗೆ ಎಲ್ಲಿಂದ ಗೊತ್ತಾಗಬೇಕು?

ಪದ್ಮಾವತಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬೈಯಲಿಲ್ಲ, ನಗಲಿಲ್ಲ, ಯಶೋಧಾಳಿಗೆ ಇವರೇ ಅವರು ಎಂದು ಹೇಳಲೂ ಇಲ್ಲ. ಎಷ್ಟು ದಿನದಿಂದ ನೋವು ಎಂದು ಮಾತ್ರ ಕೇಳಿದಳು. ಆಮೇಲೆ ಬಾಗಿಲ ಹತ್ತಿರ ನಿಂತು, ಪಾರ್ಕಿನಲ್ಲಿ ಈಗಲೂ ಒತ್ತುತ್ತೀರಾ ಎಂದಳು.

"ಇಲ್ಲಮ್ಮ, ನಾನು ಒತ್ತೋದು ಬಿಟ್ಬುಟ್ಟಿದೀನಿ," ಎಂದರು ಮೇಷ್ಟ್ರು.

ಸುಳ್ಳೇನಲ್ಲ ನೋಡಿ. ಅವರು ಬಿಟ್ಟಿದ್ದರು. ಇಂಥ ನಿಜವನ್ನು ನಾಲಿಗೆಯ ಮೇಲಿಟ್ಟುಕೊಂಡು ಮನೆಗೆ ಹೋದವರಿಗೆ ರಾತ್ರಿ ಊಟವೂ ಸೇರಿತು.

ಪದ್ಮಾವತಿ ಆ ಮಾತನ್ನು ನಂಬಿದಳು. ನಂಬಿದ್ದರಿಂದಲೇ ಮುಂದಿನ ಸೋಮವಾರ ಬೆಳಿಗ್ಗೆ ಚಾಪೆ ಹಿಡಿದುಕೊಂಡು ಪಾರ್ಕಿಗೆ ಬಂದು ಕೊನೆಯ ಸಾಲಿನಲ್ಲಿ ನಿಂತಳು. ಅವಳನ್ನು ಕಂಡು ಮೇಷ್ಟ್ರ ಬಾಯಲ್ಲಿ ಪ್ರಾರ್ಥನೆಯ ಶ್ಲೋಕ ಅರ್ಧಕ್ಕೆ ಕಡಿದುಹೋಯಿತು. ಇವತ್ತು ಮುಂದೆ ಬಗ್ಗುವುದನ್ನು ಬಿಟ್ಟು ಬೇರೇನಾದರೂ ಮಾಡಿಸೋಣ ಎಂದುಕೊಂಡರು. ಆದರೆ ತರಗತಿ ತಾನಾಗಿಯೇ ಕಾಲು ನೀಡಿ ಕೂತುಬಿಟ್ಟಿತ್ತು. ಅಭ್ಯಾಸಬಲ ಎಂದರೆ ಅದು, ಕುರಿಮಂದೆಗೆ ಕುರುಬನೂ ಬೇಕಿಲ್ಲ.

ಮೊದಲ ಸಾಲಿನಲ್ಲಿ ವಿಭಾ ಎಂಬ ಹುಡುಗಿ ಕೂತಿದ್ದಳು. ಬ್ಯಾಂಕಿನಲ್ಲಿ ಕೆಲಸ, ಯೋಗಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಅವಳ ಹಣೆಗೂ ಮಂಡಿಗೂ ಮೊಳದ ಅಂತರ. ನಾಗೇಂದ್ರ ಹಿಂದೆ ಬಂದು ನಿಂತು ಅಂಗೈ ಇಟ್ಟ. ಅಂಕಲ್, ಬೇಡ, ಕಾಲಲ್ಲಿ ಏನೋ ಎಳೆಯುತ್ತೆ ಎಂದಳು ಹುಡುಗಿ. ನಾಗೇಂದ್ರ ಮಂಡಿ ಎತ್ತಿದ. ಕೊನೆಯ ಸಾಲಿನಿಂದ ಪದ್ಮಾವತಿ ಅವನನ್ನು ನೋಡಲಿಲ್ಲ, ಮೇಷ್ಟ್ರನ್ನು ನೋಡಿದಳು.

ಮೇಷ್ಟ್ರು ಮರ ಬಿಟ್ಟು ನೆಟ್ಟಗೆ ನಿಂತರು. ಸುಮ್ಮನಿದ್ದರೆ ಕಟ್ಟೆ ಉಳಿಯುತ್ತದೆ. ಬಾಯಿ ಬಿಟ್ಟರೆ ಹುಡುಗಿಯ ಬೆನ್ನು ಉಳಿಯುತ್ತದೆ. ಹಿಂದೆಯಾಗಿದ್ದರೆ ಇದು ಯೋಚಿಸುವ ವಿಷಯವೇ ಆಗಿರಲಿಲ್ಲ. ಆದರೆ ಕಾಲಿನಲ್ಲಿ ಎಳೆಯುತ್ತದೆ ಎಂದರೆ ಏನೆಂದು ಈಗ ಅವರ ಮೀನಖಂಡಕ್ಕೆ ಗೊತ್ತಿತ್ತು, ಅದನ್ನು ಮರೆಯುವುದು ಸಾಧ್ಯವಾಗಲಿಲ್ಲ.

"ನಾಗೇಂದ್ರ, ಬುಡೋ. ಒತ್ಬೇಡ," ಎಂದರು.

ಈಗ ಗಂಟು ಬಿಚ್ಚುತ್ತದೆ ಮೇಷ್ಟ್ರೆ, ಒಂದು ನಿಮಿಷ ಎಂದ ನಾಗೇಂದ್ರ.

"ಗಂಟೂ ಇಲ್ಲ, ಮಣ್ಣೂ ಇಲ್ಲ. ನನ್ನ ಬೆನ್ನೇ ಹೋಗಿದೆ ಕಣೋ. ಬಕೆಟ್ ಎತ್ತೋಕೆ ಹೋಗಿ ಹಿಡ್ಕೊಂಡಿದ್ದು. ಶ್ರೀರಾಂಪುರದಲ್ಲಿ ಫಿಸಿಯೋಥೆರಪಿ ಮಾಡಿಸ್ಕೊಳ್ತಾ ಇದೀನಿ. ಅಲ್ಲಿ ಹಿಂದೆ ಕೂತಿದಾಳಲ್ಲ ಪದ್ಮಾವತಿ, ಅವಳ ಬೆನ್ನು ಕೆಡಿಸಿದ್ದೂ ನಾನೇ."

ಮೇಷ್ಟ್ರು ಕಣ್ಣು ಮುಚ್ಚಿ, ಇನ್ನೇನು ಜನ ಉಗಿಯುತ್ತಾರೆ ಎಂದು ಕಾದು ನಿಂತರು. ಯಾರೂ ಉಗಿಯಲಿಲ್ಲ. ನಂಜುಂಡಯ್ಯನವರು ಎಲ್ಲರ ಕಡೆ ತಿರುಗಿ, ನೋಡಿ, ಶಿಷ್ಯರ ನೋವನ್ನೆಲ್ಲ ತಮ್ಮ ಮೈಮೇಲೆ ಎಳೆದುಕೊಂಡಿದ್ದಾರೆ, ಎಂಥ ವಿನಯ ಎಂದರು. ಹೌದು ಹೌದು ಎಂಬ ಗುಸುಗುಸು ಎದ್ದಿತು. ಎರಡು ಸಾಲಿನವರು ಕೂತಲ್ಲೇ ಕೈ ಮುಗಿದರು. ವರ್ಷಗಟ್ಟಲೆ ಸುಳ್ಳನ್ನೇ ಉಣಿಸಿ ಬೆಳೆಸಿದ ಮಂದಿ, ನಿಜವನ್ನು ಬಡಿಸಿದರೆ ಅದರಲ್ಲೂ ಸುಳ್ಳಿನ ರುಚಿಯನ್ನೇ ಕಂಡರು. ನಾಗೇಂದ್ರನಿಗಂತೂ ಕಣ್ಣು ತುಂಬಿ ಬಂತು. ಗುರುವಿನ ನೋವಿಗೆ ಪರಿಹಾರವಾಗಲಿ ಎಂಬಂತೆ ಅವನು ಹುಡುಗಿಯ ಬೆನ್ನಿನ ಮೇಲೆ ಮಂಡಿಯಿಟ್ಟು ಮೈಭಾರ ಬಿಟ್ಟ. ವಿಭಾ ಕಿರುಚಿದಳು.

ಮೇಷ್ಟ್ರು ಕಟ್ಟೆಯಿಂದ ಹಾರಿದರು. ಕುಂಡೆ ಹಿಂದಕ್ಕೆ, ಮಂಡಿ ಮಡಿಸಿ, ಭಾರ ಮೈಗೆ ಹತ್ತಿರ, ಒಂದೂ ನೆನಪಾಗಲಿಲ್ಲ. ಸೊಂಟದಿಂದ ಬಾಗಿ ನಾಗೇಂದ್ರನ ರಟ್ಟೆಗೆ ಕೈ ಹಾಕಿ, ಪಕ್ಕಕ್ಕೆ ತಿರುಚಿ ಎಳೆದರು. ಟೈರು ಕಳಚುತ್ತಿದ್ದ ಆಳು ಕಡಿದ ಮರದ ಹಾಗೆ ಹುಡುಗಿಯ ಮೇಲಿನಿಂದ ಉರುಳಿದ, ಅವನ ಜೊತೆ ಮೇಷ್ಟ್ರೂ ಉರುಳಿದರು. ವಿಭಾ ಎದ್ದು, ಕಾಲು ಜಾಡಿಸಿ ನೋಡಿಕೊಂಡು, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಚಾಪೆ ಸುತ್ತಿಕೊಂಡು ಗೇಟಿನ ಕಡೆ ನಡೆದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮೇಷ್ಟ್ರು ಹುಲ್ಲಿನ ಮೇಲೆ ಮುದುಡಿಕೊಂಡು ಬಿದ್ದಿದ್ದರು. ಬಾಯಿಂದ ಬರುತ್ತಿದ್ದದ್ದು ಶ್ಲೋಕವಲ್ಲ. ಹಿಂದಿನ ಸಾಲಿನ ಒಬ್ಬರು ಇದೇನೋ ಹೊಸ ಆಸನವಿರಬೇಕೆಂದು ತಾವೂ ಪಕ್ಕಕ್ಕೆ ಮಲಗಿ ಮಂಡಿ ಮಡಿಸಿಕೊಂಡರು. ಮಿಕ್ಕವರಿಗೆ ಮಾತ್ರ ಈಗ ಅರ್ಥವಾಯಿತು. ಮಾತು ನಂಬದವರು ನರಳುವುದನ್ನು ನಂಬಿದರು. ಥೂ, ಇವರ ಬೆನ್ನೇ ನೆಟ್ಟಗಿಲ್ಲವಲ್ಲ, ಇವರ ಹತ್ತಿರ ಇಷ್ಟು ದಿನ ಒತ್ತಿಸಿಕೊಂಡೆವಲ್ಲ ಎಂದು ಯಾರೋ ಅಂದದ್ದು ಮೇಷ್ಟ್ರಿಗೆ ಕೇಳಿಸಿತು. ನಂಜುಂಡಯ್ಯನವರು ಟೋಪಿ ಸರಿಮಾಡಿಕೊಂಡು ವಾಚು ನೋಡಿದರು. ಚಾಪೆಗಳು ಒಂದೊಂದಾಗಿ ಸುತ್ತಿಕೊಂಡವು. ನಾಗೇಂದ್ರ ಕೂತಲ್ಲೇ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಮೇಷ್ಟ್ರು ಇನ್ನೂ ಅವನ ರಟ್ಟೆ ಬಿಟ್ಟಿರಲಿಲ್ಲ.

ಪದ್ಮಾವತಿ ಬಂದು ಪಕ್ಕದಲ್ಲಿ ಮಂಡಿಯೂರಿ ಕೂತಳು. ಅವಳ ನೆರಳು ಬೆನ್ನಿನ ಮೇಲೆ ಬಿದ್ದ ಕೂಡಲೇ ಮೇಷ್ಟ್ರ ಮೈ ತಾನಾಗಿಯೇ ಕುಗ್ಗಿತು, ಕೈ ಅಡ್ಡ ಬಂತು, ಬೇಡ, ಬೇಡಮ್ಮ ಎಂದರು.

"ಹೆದರ್ಕೋಬ್ಯಾಡಿ ಮೇಷ್ಟ್ರೆ," ಎಂದಳು ಪದ್ಮಾವತಿ. "ನಾನು ಒತ್ತಲ್ಲ."